ಬಾಗಿಲು ಕಿತ್ತ ಕ್ರಿಯಾವಿಶೇಷಣ

ಬಾಗಿಲನ್ನು ಗೆದ್ದಲು ತಿನ್ನಬಹುದು, ಕಳ್ಳ ಒಡೆಯಬಹುದು, ಸಿಟ್ಟು ಬಂದ ಅಳಿಯ ಒದೆಯಬಹುದು. ಆದರೆ ಇಂಗ್ಲಿಷಿನ ಒಂದು ಕ್ರಿಯಾವಿಶೇಷಣ ಹೋಗಿ ಗಟ್ಟಿಮುಟ್ಟಾದ ಬಾಗಿಲೊಂದನ್ನು ಕೀಲು ಸಮೇತ ಕಿತ್ತು ಹಾಕಿದ್ದನ್ನು ಎಲ್ಲಾದರೂ ಕೇಳಿದ್ದೀರಾ? ಮೀಟರಣ್ಣನ ಮನೆಯಲ್ಲಿ ಅದೂ ಆಗಿಹೋಯಿತು.

ಮೀಟರಣ್ಣ ಅಂದರೆ ನೀರು ಸರಬರಾಜು ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಮೀಟರು ಪರೀಕ್ಷೆ ಮಾಡುವವನು. ಮನೆಮನೆಯಿಂದ ಕಳಚಿ ತಂದ ನೀರಿನ ಮೀಟರನ್ನು ಬೆಂಚಿಗೆ ಬಿಗಿಯಬೇಕು, ನೀರು ಬಿಡಬೇಕು, ಮುಳ್ಳು ಹೇಳುವ ಲೆಕ್ಕಕ್ಕೂ ಕೆಳಗಿನ ತೊಟ್ಟಿಗೆ ಬಿದ್ದ ನೀರಿಗೂ ತಾಳೆ ನೋಡಬೇಕು. ಕೊನೆಗೆ ವಾಲ್ವು ಪೂರ್ತಿ ಮುಚ್ಚಬೇಕು. ಮುಚ್ಚಿದ ಮೇಲೂ ಮುಳ್ಳು ಅಲ್ಲಾಡಿದರೆ ಎಲ್ಲೋ ಗುಟ್ಟಾಗಿ ನೀರು ಹರಿಯುತ್ತಿದೆ ಅಂತ ಅರ್ಥ. ಇಷ್ಟೇ ಅವನ ವಿದ್ಯೆ, ಆದರೆ ಪ್ರಪಂಚವೆಲ್ಲ ಇಷ್ಟರಲ್ಲೇ ಅಡಗಿದೆ ಅಂತ ಅವನ ನಂಬಿಕೆ. ಊಟಕ್ಕೆ ಕೂತಾಗ ಹೆಂಡತಿಗೆ ಇದನ್ನೇ ಹೇಳುತ್ತಿದ್ದ. ಹೆಂಡತಿ ಎದ್ದು ಹೋದರೆ ಅಪ್ಪನ ಮಂಚದ ಪಕ್ಕ ಕೂತು ಹೇಳುತ್ತಿದ್ದ. ಅಪ್ಪನಿಗೆ ಕೆಲವು ವರ್ಷಗಳಿಂದ ಕಿವಿ ಕೇಳುತ್ತಿರಲಿಲ್ಲ. ಅದರಿಂದ ಮೀಟರಣ್ಣನ ಮಾತಿಗೇನೂ ಅಡ್ಡಿಯಾಗಿರಲಿಲ್ಲ.

ಹೀಗಿರುವಾಗ ಶೆಡ್ಡಿಗೆ ಹೊಸ ಇಂಜಿನಿಯರ್ ಮೇಡಂ ಬಂದರು. ಬಂದವರೇ ಗೇಟಿನ ಹತ್ತಿರ ಒಂದು ಕರಿಹಲಗೆ ತೂಗುಹಾಕಿಸಿ, ದಿನಕ್ಕೊಬ್ಬರು ಒಂದು ಇಂಗ್ಲಿಷ್ ಪದ, ಅದರ ಅರ್ಥ, ಒಂದು ಉದಾಹರಣೆ ವಾಕ್ಯ ಬರೆಯಬೇಕು ಅಂತ ಅಪ್ಪಣೆ ಮಾಡಿದರು. ಮೊದಲ ಸರದಿ ಪೈಪು ಜೋಡಿಸುವ ಫಿಟ್ಟರನದು. ಅವನು "ಡಿಲಿಜೆಂಟ್, ಅಂದರೆ ಶ್ರದ್ಧೆಯಿಂದ ದುಡಿಯುವ" ಅಂತ ಬರೆದು, ಉದಾಹರಣೆಗೆ "ಅವರ್ ಮೇಡಂ ಈಸ್ ಡಿಲಿಜೆಂಟ್" ಅಂತ ಹಾಕಿ, ಚಪ್ಪಾಳೆ ಗಿಟ್ಟಿಸಿಕೊಂಡುಬಿಟ್ಟ.

ಮೀಟರಣ್ಣನಿಗೂ ಅಂಥದೇ ಚಪ್ಪಾಳೆ ಬೇಕಾಯಿತು. ತನ್ನ ಸರದಿಯ ಹಿಂದಿನ ಸಂಜೆ, ಹೊಲಿಗೆ ಯಂತ್ರದ ಕುಂಟುಕಾಲಿನ ಕೆಳಗೆ ಇಟ್ಟಿದ್ದ ಮಾವನ ಹಳೇ ಡಿಕ್ಷನರಿಯನ್ನು ಎಳೆದು ತೆಗೆದ. ಯಂತ್ರ ಒಂದು ಕಡೆ ವಾಲಿತು.

"ನಾಳೆ ರವಿಕೆ ಕೊಡ್ಬೇಕು ರೀ, ಎರಡು ತೋಳೂ ಒಂದೇ ಉದ್ದ ಇರ್ಬೇಕಂತೆ," ಎಂದಳು ಹೆಂಡತಿ.

"ವಿದ್ಯೆ ದೊಡ್ಡದೋ ತೋಳು ದೊಡ್ಡದೋ?" ಎಂದ ಮೀಟರಣ್ಣ.

ಯಾರೂ ಕೇಳಿರದ ಪದ ಬೇಕಿತ್ತು. ಹಿಂದಿನಿಂದ ಹುಡುಕುತ್ತ ಬಂದು ಯು ಅಕ್ಷರದಲ್ಲಿ ಅವನ ಬೆರಳು ನಿಂತಿತು. ಅಲ್ಟೀರಿಯರ್ಲಿ! ಅರ್ಥ ಏನು ಅಂತ ನೋಡಿದರೆ, ಅಲ್ಟೀರಿಯರ್ ಆದ ರೀತಿಯಲ್ಲಿ ಅಂತ ಇತ್ತು. ಕತ್ತೆ ಅಂದರೇನು ಅಂದರೆ ಕತ್ತೆಯಂಥದ್ದು ಅಂದ ಹಾಗೆ. ಮೀಟರಣ್ಣ ಸೋಲಲಿಲ್ಲ. ಎರಡು ಸಾಲು ಮೇಲಕ್ಕೆ ಹೋಗಿ ಅಲ್ಟೀರಿಯರನ್ನೂ ಹಿಡಿದ. ಮೇಲೊಂದು ತೋರಿಸಿ ಒಳಗೊಂದು ಉದ್ದೇಶ ಬಚ್ಚಿಟ್ಟುಕೊಂಡದ್ದು. ಹಾಗಾದರೆ ಬಾಲ ಹಚ್ಚಿದ ಪದ ಅಂದರೆ, ಒಳಗೊಂದು ಉದ್ದೇಶ ಬಚ್ಚಿಟ್ಟುಕೊಂಡು. ಅವನಿಗೆ ರೋಮಾಂಚನವಾಯಿತು. ಇಷ್ಟು ವರ್ಷ ಕೆಟ್ಟ ಮೀಟರುಗಳ ಮುಂದೆ ಕೂತು ತಾನು ಹುಡುಕುತ್ತಿದ್ದ ಪದ ಹೊಲಿಗೆ ಯಂತ್ರದ ಕೆಳಗಿತ್ತಲ್ಲ!

ಬೆಳಗ್ಗೆ ಹಲಗೆಯ ಮುಂದೆ ನಿಂತ. ಪದ ಬರೆದ, ಅರ್ಥ ಬರೆದ. ಉದಾಹರಣೆ ವಾಕ್ಯಕ್ಕೆ ಬಂದಾಗ ಸೀಮೆಸುಣ್ಣ ತಡವರಿಸಿತು. ತಪ್ಪಿಲ್ಲದೆ ಬರೆಯಲು ಬರುವ ಪದಗಳು ಯಾವುವು ಅಂತ ಲೆಕ್ಕ ಹಾಕಿದ. ಮೈ ಬರುತ್ತೆ. ಫಾದರ್ ಬರುತ್ತೆ. ನೈಬರ್ ಕೂಡ ಶಾಲೆಯಲ್ಲಿ ಏಟು ತಿಂದು ಕಲಿತದ್ದು, ಬರುತ್ತೆ. ಬರುವಷ್ಟನ್ನು ಜೋಡಿಸಿದ. "ಮೈ ನೈಬರ್ ವಿಸಿಟ್ಸ್ ಮೈ ಫಾದರ್ ಡೇಲಿ ಅಲ್ಟೀರಿಯರ್ಲಿ." ಅಂದರೆ, ಪಕ್ಕದವರು ದಿನಾ ನಮ್ಮಪ್ಪನನ್ನು ನೋಡಲು ಬರುತ್ತಾರೆ, ಒಳಗೊಂದು ಉದ್ದೇಶ ಬಚ್ಚಿಟ್ಟುಕೊಂಡು.

ಮೇಡಂ ಕನ್ನಡಕ ಏರಿಸಿ ಓದಿದರು. "ಅಲ್ಟೀರಿಯರ್ ಮೋಟಿವ್ ಅಂತ ಕೇಳಿದೀನಿ. ಹೀಗೆ 'ಲಿ' ಸೇರಿಸಿ ಯಾರೂ ಬಳಸಿದ್ದು ನೋಡಿಲ್ಲ. ಭೇಷ್!" ಅಂದರು. ಚಪ್ಪಾಳೆ ಬಿತ್ತು. ಆಮೇಲೆ ಮೇಡಂ ದನಿ ತಗ್ಗಿಸಿ, "ಅಲ್ಲಾ... ಮನೇಲಿ ಏನಾದ್ರೂ ತೊಂದ್ರೆನಾ?" ಅಂದರು.

"ಇಲ್ಲ ಮೇಡಂ, ಉದಾಹರಣೆ ಅಷ್ಟೇ."

"ಉದಾಹರಣೆ ಸುಮ್ನೆ ಎಲ್ಲಿಂದ ಬರುತ್ತೆ ಅಣ್ಣಾ?" ಎಂದ ಫಿಟ್ಟರ್. "ನಾನು ಮೇಡಂ ಡಿಲಿಜೆಂಟ್ ಅಂದೆ. ಸುಳ್ಳಾ?"

ಮೇಡಂ ಮುಂದೆ ಅದನ್ನು ಸುಳ್ಳು ಅನ್ನುವ ಗಂಡಸು ಆ ಶೆಡ್ಡಿನಲ್ಲಿರಲಿಲ್ಲ. "ನಿಜ," ಎಂದ ಮೀಟರಣ್ಣ.

"ಅಂದ್ಮೇಲೆ ಇದೂ ನಿಜ. ಅವ್ರು ಯಾಕೆ ಬರ್ತಾರೆ?"

ಮೀಟರಣ್ಣ ಹಲಗೆಯ ಮೇಲಿನ ತನ್ನದೇ ವಾಕ್ಯವನ್ನು ಮೊದಲ ಸಲ ಓದುವವನಂತೆ ಓದಿದ.

ಬರುತ್ತಿದ್ದವರು ಮೇಲಿನ ಮಹಡಿಯ ಸ್ಟೇಷನ್ ಮಾಮ. ಕೆಲಸದಲ್ಲಿದ್ದಾಗ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ರೈಲು ಎಷ್ಟು ತಡ ಅಂತ ಸಾರುತ್ತಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಈ ಕಟ್ಟಡಕ್ಕೆ ಬಂದಿದ್ದರು. ಸಂಜೆಯಾದರೆ ಮೆಟ್ಟಿಲಿಳಿದು ಬಂದು, "ಒಳಗೆ ಹೋಗ್ತಾ ಇದೀನಮ್ಮಾ" ಎಂದು ಮೀಟರಣ್ಣನ ಹೆಂಡತಿಗೆ ಸಾರಿ, ಅಪ್ಪನ ಕೋಣೆ ಹೊಕ್ಕು, ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರು ಬರುವ ಹೊತ್ತಿಗೆ ಅಪ್ಪ ತಾವೇ ಎದ್ದು ಮುಖ ತೊಳೆದು, ಗುಂಡಿ ಹಾಕಿಕೊಂಡು, ತಲೆ ಬಾಚಿ ಕೂತಿರುತ್ತಿದ್ದರು. ಅವರಿದ್ದಾಗಲೇ ಊಟವನ್ನೂ ಮುಗಿಸುತ್ತಿದ್ದರು. ಬೇರೆ ಹೊತ್ತು ಯಾರು ತುತ್ತು ಹಿಡಿದರೂ ಬೇಡ ಅಂತ ತಲೆ ಆಡಿಸುತ್ತಿದ್ದರು. ಇದೆಲ್ಲ ಎಷ್ಟು ದಿನದಿಂದ ನಡೆದಿತ್ತೆಂದರೆ, ಗೋಡೆಯ ಬಣ್ಣದ ಹಾಗೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆ ಸಂಜೆ ಕಣ್ಣಿಗೆ ಬಿತ್ತು. ಮೀಟರಣ್ಣ ಬಾಗಿಲ ಹೊರಗೆ ನಿಂತ. ಒಳಗಿಂದ ಗುನುಗುನು ಮಾತು ಕೇಳಿಸಿತು, ಪದ ಮಾತ್ರ ತಿಳಿಯುತ್ತಿರಲಿಲ್ಲ. ಕಿವುಡನ ಹತ್ತಿರ ಮಾತಾಡುವವರು ಕಿರುಚಬೇಕು. ಇವರು ಪಿಸುಗುಟ್ಟುತ್ತಿದ್ದಾರೆ! ಅದೂ ಬಾಗಿಲು ಹಾಕಿಕೊಂಡು!

"ಮಾಮ, ಬಾಗಿಲು ಯಾಕೆ ಹಾಕ್ಕೋತೀರಿ?" ಹೊರಬಂದಾಗ ಕೇಳಿದ.

"ಗಾಳಿ ಬರುತ್ತಪ್ಪ," ಎಂದರು ಮಾಮ. ಅವರ ಬೆನ್ನಹಿಂದೆ ಫ್ಯಾನು ಬಿರುಗಾಳಿಯಂತೆ ತಿರುಗುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಸೀದಾ ಕೇಳುತ್ತಿದ್ದರು, ಇಲ್ಲ ಸುಮ್ಮನಾಗುತ್ತಿದ್ದರು. ಮೀಟರಣ್ಣ ಮೀಟರು ಪರೀಕ್ಷೆ ಮಾಡುವವನು. ಮುಳ್ಳನ್ನು ಕೇಳಿದರೆ ಮುಳ್ಳು ಹೇಳುತ್ತದೆಯೇ? ಒಂದೊಂದೇ ವಾಲ್ವು ಮುಚ್ಚುತ್ತ ಬರಬೇಕು. ಯಾವುದನ್ನು ಮುಚ್ಚಿದಾಗ ಮುಳ್ಳು ನಿಲ್ಲುತ್ತದೋ ನೀರು ಅಲ್ಲಿಂದಲೇ ಬರುತ್ತಿತ್ತು ಅಂತ ಅರ್ಥ. ಸ್ಟೇಷನ್ ಮಾಮನನ್ನು ಮಾನಸಿಕವಾಗಿ ಬೆಂಚಿಗೆ ಬಿಗಿದಾಯಿತು.

ಮೊದಲ ವಾಲ್ವು ಟೀ. "ಇವತ್ತಿಂದ ಮಾಮಂಗೆ ಟೀ ಕೊಡ್ಬೇಡ," ಎಂದ ಹೆಂಡತಿಗೆ.

"ಹಾಲು ಇದೆಯಲ್ಲ?"

"ಪರೀಕ್ಷೆ ಕಣೇ."

"ಯಾರಿಗೆ? ಅವ್ರಿಗೋ ನಂಗೋ?"

ಟೀ ನಿಂತಿತು. ಮಾಮನ ಮುಖ ಅರಳಿತು. "ಒಳ್ಳೇದಾಯ್ತಮ್ಮಾ! ಡಾಕ್ಟರು ಸಕ್ಕರೆ ಬಿಡಿ ಅಂತ ಯಾವತ್ತೋ ಹೇಳಿದ್ರು. ನೀನು ಪ್ರೀತಿಯಿಂದ ಕೊಡ್ತೀಯ, ಹೇಗೆ ಬೇಡ ಅನ್ನೋದು ಅಂತ ಕುಡೀತಿದ್ದೆ."

ಎರಡನೆಯದು ಪೇಪರು. ಮೀಟರಣ್ಣ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಮಾಮ ಮಾರನೆಯ ದಿನದಿಂದ ಕನ್ನಡಕ ಮನೆಯಲ್ಲೇ ಬಿಟ್ಟು ಬಂದರು. ಮೂಗಿನ ಮೇಲೆ ಭಾರ ಇಳಿಯಿತು ಅಂದರು. ಆಮೇಲೆ ಕುರ್ಚಿ ಹೋಯಿತು, ಮಾಮ ಬಕೆಟ್ಟು ಬೋರಲು ಹಾಕಿ ಕೂತರು. ಫ್ಯಾನಿನ ವೈರು ಬಿಚ್ಚಿದ. ಮಾಮ ಒಂದು ರಟ್ಟು ತಂದು ಅಪ್ಪನಿಗೆ ಬೀಸುತ್ತ ಕೂತರು, ಬಾಗಿಲು ಹಾಕಿಕೊಂಡು.

ಶೆಡ್ಡಿನಲ್ಲಿ ದಿನವೂ ಈ ಪರೀಕ್ಷೆಯ ವರದಿ ಒಪ್ಪಿಸಲಾಗುತ್ತಿತ್ತು. ಮೀಟರುಗಳು ಬೆಂಚಿನ ಮೇಲೆ ಕಾಯುತ್ತಿದ್ದವು. "ಎಲ್ಲಾ ಮುಚ್ಚಿದ್ರೂ ಮುಳ್ಳು ತಿರುಗ್ತಾನೇ ಇದೆ ಅಂದ್ರೆ," ಎಂದ ಫಿಟ್ಟರ್, ಕೈಯ ಗ್ರೀಸು ಒರೆಸುತ್ತ, "ಒಳಗಿರೋದು ಸಣ್ಣ ತೂತಲ್ಲ ಅಣ್ಣಾ. ಮೇನ್ ಪೈಪೇ ಒಡೆದಿದೆ."

ಅಲ್ಲಿಗೆ ಕಾಯುವ ಸ್ಥಿತಿ ದಾಟಿತು. ಮೀಟರಣ್ಣ ಭಾವಮೈದನನ್ನು ಕರೆಸಿದ. ಭಾವಮೈದ ವಕೀಲರೊಬ್ಬರ ಕಚೇರಿಯಲ್ಲಿ ಕಡತಗಳಿಗೆ ದಾರ ಕಟ್ಟುವವನು, ಆದ್ದರಿಂದ ಕಾನೂನು ಬಲ್ಲವನು. ಕಿವಿ ಕೇಳದ ಅಪ್ಪನ ಮಂಚದ ಎದುರಿಗೇ ನಿಂತು ಇಬ್ಬರೂ ಗಂಭೀರವಾಗಿ ಸಮಾಲೋಚನೆ ನಡೆಸಿದರು.

"ಮನೆ ಯಾರ ಹೆಸರಲ್ಲಿದೆ ಭಾವ?"

"ಅಪ್ಪಂದು."

"ಮುಗೀತು. ಹೆಬ್ಬೆಟ್ಟು ನೋಡಿದೀರಾ?"

"ಯಾರದ್ದು?"

"ನಿಮ್ಮಪ್ಪಂದು ಭಾವ! ಬಾಗಿಲು ಹಾಕ್ಕೊಂಡು ವಯಸ್ಸಾದೋರ ಹತ್ರ ಇನ್ನೇನು ಮಾಡ್ತಾರೆ? ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಳ್ತಾರೆ."

ಮೀಟರಣ್ಣ ಅಪ್ಪನ ಕೈ ಹಿಡಿದು ಹೆಬ್ಬೆಟ್ಟನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಅಪ್ಪ ಮಗನ ಮುಖವನ್ನೇ ನೋಡುತ್ತ ಕೂತಿದ್ದರು. ಹೆಬ್ಬೆಟ್ಟು ತೊಳೆದ ಬಟ್ಟಲಿನ ಹಾಗಿತ್ತು.

"ಇಂಕು ಇಲ್ಲ ಕಣೋ," ಎಂದ ಮೀಟರಣ್ಣ, ನಿರಾಳವಾಗಿ.

"ನೋಡಿದ್ರಾ!" ಎಂದ ಭಾವಮೈದ. "ಒರೆಸಿದಾರೆ."

ಇಂಕು ಇದ್ದಿದ್ದರೆ ಒಂದು ಸಾಕ್ಷಿ, ಇಲ್ಲದಿದ್ದರೆ ಎರಡು. ಕಾನೂನು ಅಂದರೆ ಹೀಗೆ.

ಈಗ ಉಳಿದದ್ದು ಒಂದೇ ವಾಲ್ವು. ರಜೆ ಹಾಕಿ, ಸ್ಕ್ರೂಡ್ರೈವರು ಸುತ್ತಿಗೆ ಹಿಡಿದು, ಮೀಟರಣ್ಣ ಅಪ್ಪನ ಕೋಣೆಯ ಬಾಗಿಲನ್ನೇ ಬಿಚ್ಚಿ ಬಚ್ಚಲಿನ ಪಕ್ಕ ಗೋಡೆಗೆ ಒರಗಿಸಿದ. ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನೋಡಿದಳು.

"ಮುಂದೆ ಗೋಡೇನಾ?" ಎಂದಳು.

ಸಂಜೆ ಮಾಮ ಬಂದರು. ಬಾಗಿಲಿದ್ದ ಜಾಗದಲ್ಲಿ ಬರೀ ಚೌಕಟ್ಟು. ಚೌಕಟ್ಟಿನೊಳಗಿಂದ ನಡುಮನೆ ಪೂರ್ತಿ ಕಾಣುತ್ತಿತ್ತು, ನಡುಮನೆಯಲ್ಲಿ ಕಣ್ಣು ನೆಟ್ಟು ಕೂತ ಮೀಟರಣ್ಣನೂ ಕಾಣುತ್ತಿದ್ದ.

"ಬಾಗಿಲು?" ಎಂದರು ಮಾಮ.

"ರಿಪೇರಿಗೆ ಮಾಮ. ಬಡಗಿ ಒಂದು ತಿಂಗಳಾದ್ರೂ ಬೇಕು ಅಂದ."

ಮಾಮ ಬಕೆಟ್ಟಿನ ಮೇಲೆ ಕೂತರು. ರಟ್ಟು ಬೀಸಲಿಲ್ಲ. ಬಾಯಿ ಒಮ್ಮೆ ತೆರೆದರು, ಚೌಕಟ್ಟಿನ ಕಡೆ ನೋಡಿ ಮುಚ್ಚಿದರು. ಆಮೇಲೆ ಅಪ್ಪನ ಮೊಣಕಾಲಿನ ಮೇಲೊಮ್ಮೆ ಕೈಯಿಟ್ಟು ಎದ್ದರು. "ಬರ್ತೀನಮ್ಮಾ," ಎಂದರು. ಯಾವ ಸಾರುವಿಕೆಯೂ ಅದರಲ್ಲಿರಲಿಲ್ಲ. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಮುಳ್ಳು ನಿಂತಿತ್ತು. ಶೆಡ್ಡಿನಲ್ಲಿ ಮೀಟರಣ್ಣನನ್ನು ಹಿಡಿಯುವವರಿಲ್ಲ. "ಟೀಗೆ ನಿಲ್ಲಲಿಲ್ಲ, ಕುರ್ಚಿಗೆ ನಿಲ್ಲಲಿಲ್ಲ, ಬಾಗಿಲಿಗೆ ನಿಂತ್ರು! ಅಂದ್ರೆ ಇದ್ದದ್ದು ಬಾಗಿಲ ಹಿಂದೆ!" ಫಿಟ್ಟರ್ ಕೈಕುಲುಕಿದ. ಮೇಡಂ, "ಈಗ ನಿಮ್ಮ ತಂದೆಯವರಿಗೂ ನೆಮ್ಮದಿ ಆಗಿರ್ಬೇಕು," ಅಂದರು.

ತಂದೆಯವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಸಂಜೆ ಮುಖ ತೊಳೆಯಲಿಲ್ಲ, ಗುಂಡಿ ಹಾಕಲಿಲ್ಲ. ತಟ್ಟೆ ಹೋದ ಹಾಗೇ ವಾಪಸು ಬಂತು. ಹೆಂಡತಿ ಚಮಚದಲ್ಲಿ ತುಟಿಗಿಟ್ಟರೆ ತುಟಿ ತೆರೆಯಲಿಲ್ಲ. ಕರೆಸಿದ ಡಾಕ್ಟರು ನಾಡಿ ಹಿಡಿದು, ಕಣ್ಣು ಬಿಡಿಸಿ ನೋಡಿ, ನಡುಮನೆಗೆ ಬಂದು ಕೈ ತೊಳೆದರು.

"ರೋಗ ಏನೂ ಇಲ್ಲ. ಆದ್ರೆ ಹೀಗೇ ಉಪವಾಸ ಬಿದ್ರೆ ಆಸ್ಪತ್ರೆಗೆ ಸೇರಿಸ್ಬೇಕಾಗುತ್ತೆ. ಈ ವಯಸ್ಸಲ್ಲಿ ಹೋದೋರು ಎಲ್ರೂ ವಾಪಸ್ ಬರಲ್ಲ. ಇವ್ರಿಗೆ ಇಷ್ಟವಾದದ್ದು ಏನಾದ್ರೂ ತಪ್ಪಿಹೋಯ್ತಾ?"

ಮೀಟರಣ್ಣ ನೆಲ ನೋಡಿದ. ಹೆಂಡತಿ ಅವನನ್ನು ನೋಡಿದಳು.

"ನಿಮ್ಮ ಮುಳ್ಳು ನಿಂತಿತಲ್ಲಾ," ಎಂದಳು ಡಾಕ್ಟರು ಹೋದ ಮೇಲೆ, "ಅದರ ಜೊತೆ ಇನ್ನೇನೇನು ನಿಲ್ಲಬೇಕು ಹೇಳಿ. ಮೇಲೆ ಹೋಗಿ ಕರ್ಕೊಂಡು ಬನ್ನಿ. ಬರೋವರೆಗೂ ಈ ಮನೇಲಿ ನಿಮಗೂ ಟೀ ಇಲ್ಲ."

ಮಾಮ ಮಹಡಿಯ ಮೆಟ್ಟಿಲ ಕೊನೆಯಲ್ಲಿ, ನೀರಿನ ತೊಟ್ಟಿಯ ನೆರಳಿನಲ್ಲಿ ಒಬ್ಬರೇ ಕೂತಿದ್ದರು. ಮೀಟರಣ್ಣ ಎರಡು ಮೆಟ್ಟಿಲು ಕೆಳಗೆ ಕೂತ. ಏನು ಹೇಳಬೇಕೆಂದು ಹೊಂದಿಸಿಕೊಂಡು ಬಂದಿದ್ದೆಲ್ಲ ಮರೆತುಹೋಯಿತು.

"ಮಾಮ, ಅಪ್ಪ ಊಟ ಬಿಟ್ಟಿದಾರೆ."

ಮಾಮ ಥಟ್ಟನೆ ತಿರುಗಿದರು. "ಏನಂದೆ?"

"ನೀವು ಬರ್ತಿಲ್ಲ ಅಂತ. ತಪ್ಪು ನಂದೇ ಮಾಮ. ನಿಮಗೆ ಒಳಗೊಂದು ಉದ್ದೇಶ ಇದೆ ಅಂತ..." ಮೀಟರಣ್ಣನಿಗೆ ಆ ಪದ ನಾಲಿಗೆ ತುದಿಗೆ ಬಂತು. ನುಂಗಿಕೊಂಡ.

ಮಾಮ ಮತ್ತೆ ತೊಟ್ಟಿಯ ಕಡೆ ತಿರುಗಿ ಕೂತರು. ಆಮೇಲೆ, "ಇತ್ತಪ್ಪ," ಎಂದರು. "ಸುಳ್ಳು ಯಾಕೆ ಹೇಳ್ಲಿ. ಇತ್ತು."

ಮೀಟರಣ್ಣ ಒಂದು ಮೆಟ್ಟಿಲು ಮೇಲಕ್ಕೆ ಸರಿದ.

"ನಮ್ಮನೇಲಿ ಅವಳ ಹೆಸರು ಎತ್ತೋ ಹಾಗಿಲ್ಲ. ನಮ್ಮನೆಯವಳದ್ದು. ಎತ್ತಿದ್ರೆ ಮಗ ತಟ್ಟೆ ಬಿಟ್ಟು ಏಳ್ತಾನೆ. ಸೊಸೆ, ಮಾವ ಟಿವಿ ಹಾಕ್ಲಾ ಅಂತಾಳೆ. ಒಳ್ಳೇ ಮಕ್ಕಳೇ, ಅಪ್ಪ ಅಳಬಾರದು ಅಂತ ಹಾಗ್ ಮಾಡ್ತಾರೆ. ಆದ್ರೆ ನಂಗೆ ಹೇಳ್ಬೇಕಲ್ಲಪ್ಪ. ಜೀವನಪೂರ್ತಿ ಬೇರೆಯೋರ ರೈಲಿನ ಸುದ್ದಿ ಹೇಳಿದೋನು ನಾನು." ಮಾಮ ಮೂಗು ಒರೆಸಿಕೊಂಡರು. "ಕೇಳಿಸ್ಕೊಳ್ಳೋರ ಎದುರಿಗೆ ಹೇಳಕ್ಕೆ ಹೋದ್ರೆ ಗಂಟಲು ಕಟ್ಟುತ್ತೆ. ನಿಮ್ಮಪ್ಪಂಗೆ ಕಿವಿ ಕೇಳಲ್ಲ ನೋಡು. ಅದಕ್ಕೇ ಬರ್ತಿದ್ದೆ. ಅವ್ರನ್ನ ನೋಡ್ಕೊಳ್ಳೋಕೆ ಅಂತ ನೀವೆಲ್ಲ ಅಂದ್ಕೊಂಡ್ರಿ, ನಾನೂ ಹೌದು ಅನ್ನೋ ಹಾಗೇ ಇದ್ದೆ. ಅದು ಮೋಸಾನೇ."

"ಅಷ್ಟೇನಾ ಮಾಮ?"

"ಅಷ್ಟೇ. ದಿನಾ ಒಂದಿಷ್ಟು ಅವಳ ವಿಷಯ. ಊಟ ತಗೊಂಡು ಸ್ಟೇಷನ್ನಿಗೆ ಬರೋಳು, ಕೊನೇ ಬೆಂಚಲ್ಲಿ ಕೂರೋಳು. ನಾನು ಮೈಕಲ್ಲಿ ರೈಲು ತಡ ಅಂತ ಹೇಳ್ತಾ ಹೇಳ್ತಾ ನಡುವೆ ಒಂದ್ಸಲ ಕೆಮ್ತಿದ್ದೆ. ಹಾಗಂದ್ರೆ ಊಟಕ್ಕೆ ಬಂದೆ, ಬುತ್ತಿ ಬಿಚ್ಚು ಅಂತ. ಸ್ಟೇಷನ್ ತುಂಬ ಜನ ಕೇಳ್ತಿದ್ರು, ಒಬ್ರಿಗೂ ಗೊತ್ತಾಗ್ಲಿಲ್ಲ."

ಕರಿಹಲಗೆಯ ಮೇಲೆ ಬರೆಯಬೇಕಿದ್ದ ಉದಾಹರಣೆ ವಾಕ್ಯ ಆ ಕೆಮ್ಮಿನದಾಗಿತ್ತು ಅಂತ ಮೀಟರಣ್ಣನಿಗೆ ಆಗ ಹೊಳೆಯಿತು. ತಡವಾಗಿ ಹೊಳೆಯಿತು.

"ನಾಳೆ ಬನ್ನಿ ಮಾಮ. ಬಾಗಿಲು ಇವತ್ತೇ ಹಾಕ್ತೀನಿ."

"ಬಡಗಿ ಒಂದು ತಿಂಗಳು ಅಂದಿದ್ನಲ್ಲ?"

"ಆ ಬಡಗಿ ಬರೀ ಸುಳ್ಳುಗಾರ ಮಾಮ. ಕೆಲಸದಿಂದ ಬಿಡಿಸಿದೀನಿ."

ಬಾಗಿಲು ಬಿಚ್ಚುವುದು ಸುಲಭ, ಕೂರಿಸುವುದು ಕಷ್ಟ. ಮೀಟರಣ್ಣ ಹೆಗಲು ಕೊಟ್ಟು, ಕಾಲ ಹೆಬ್ಬೆರಳ ಮೇಲೆ ಬೀಳಿಸಿಕೊಂಡು, ಅಂತೂ ಮೇಲಿನ ಕೀಲು ಬಿಗಿದ. ಕೆಳಗಿನದಕ್ಕೆ ಬಾಗುವಾಗ ಮಂಚದ ಕಡೆಯಿಂದ ಒಂದು ಕೈ ಚಾಚಿತು. ಹೆಬ್ಬೆಟ್ಟು ಮಾತ್ರ ಮೇಲಕ್ಕೆದ್ದಿತ್ತು.

"ಬಾಗಿಲು ಹಾಕೋ ಮುಂಚೆ ಇನ್ನೊಂದ್ಸಲ ನೋಡ್ಕೊಳ್ಳಪ್ಪ," ಎಂದರು ಅಪ್ಪ. "ಸರಿಯಾಗಿ ಒರೆಸಿದೀನೋ ಇಲ್ವೋ."

ಸ್ಕ್ರೂಡ್ರೈವರು ಕೆಳಗೆ ಬಿತ್ತು.

"ಅಪ್ಪಾ! ಕಿವಿ..."

"ಮೆಲ್ಲಗೆ. ನಂಗೇನ್ ಕಿವುಡಾ?"

"ಯಾವಾಗಿಂದ ಕೇಳ್ಸುತ್ತೆ?"

"ಯಾವತ್ತು ಕೇಳ್ಸಲಿಲ್ಲ? ದಿನಾ ಬಂದು ಕೂತು ಮೀಟರು, ವಾಲ್ವು, ತೊಟ್ಟಿ, ಸೋರಿಕೆ ಅಂತ ಶುರುಮಾಡ್ತಿದ್ದೆ. ಮಗ, ಬೈಯೋಕಾಗಲ್ಲ. ಕಿವಿ ಹೋಯ್ತು ಅಂದೆ. ಆದ್ರೂ ನೀನು ನಿಲ್ಲಿಸ್ಲಿಲ್ಲ, ಅದು ಬೇರೆ ಮಾತು." ಅಪ್ಪ ದಿಂಬಿಗೆ ಒರಗಿದರು. "ಆಮೇಲೆ ಅವನು ಬಂದ. ಒಂದಿನ ಕೂತೋನು ಹೆಂಡತಿ ವಿಷಯ ಹೇಳ್ತಾ ಹೇಳ್ತಾ ಅತ್ತುಬಿಟ್ಟ. ನಂಗೆ ಕೇಳ್ಸುತ್ತೆ ಮಾರಾಯ ಅಂತ ಹೇಗೆ ಹೇಳ್ಲಿ? ಹೇಳಿದ್ರೆ ಅವತ್ತಿಗೇ ಬಾಯಿ ಮುಚ್ಚಿಬಿಡ್ತಿದ್ದ."

ಮೀಟರಣ್ಣ ನೆಲದ ಮೇಲೇ ಕೂತ.

"ಆ ಹೆಣ್ಣುಮಗಳನ್ನ ನಾನು ಕಣ್ಣಲ್ಲಿ ನೋಡಿಲ್ಲ ಕಣೋ. ಈಗ ದಾರೀಲಿ ಸಿಕ್ಕಿದ್ರೂ ಗುರುತು ಹಿಡೀತೀನಿ." ಅಪ್ಪ ಸ್ವಲ್ಪ ಹೊತ್ತು ಚೌಕಟ್ಟಿನ ಕಡೆ ನೋಡಿದರು. "ಒಪ್ಪಿದನಾ, ಬರಕ್ಕೆ?"

"ಹೂಂ."

"ಅವನಿಗೆ ಹೇಳ್ಬೇಡ. ನಿನ್ನ ಹೆಂಡತಿಗೂ ಬೇಡ. ಆ ನಿನ್ನ ಭಾವಮೈದ ಲಾಯರಿಗಂತೂ ಬೇಡವೇ ಬೇಡ."

ಮರುದಿನ ಶೆಡ್ಡಿನಲ್ಲಿ ಫಿಟ್ಟರ್ ಕಾದಿದ್ದ. "ಅಣ್ಣಾ, ಸಿಕ್ತಾ ಉದ್ದೇಶ?"

"ಮೀಟರು ಸರಿಯಾಗಿತ್ತು," ಎಂದ ಮೀಟರಣ್ಣ. "ಸೋರ್ತಿದ್ದದ್ದು ನಮ್ಮ ಬೆಂಚೇ." ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ. ಅವನು ಯಾವ ವಿಷಯದಲ್ಲೇ ಆಗಲಿ ಒಂದೇ ಉಸಿರಿಗೆ ಮಾತು ಮುಗಿಸಿದ್ದು ಅದೇ ಮೊದಲು, ಆದ್ದರಿಂದ ಮೇಡಂ ಗಾಬರಿಯಾಗಿ ಅರ್ಧ ದಿನ ರಜೆ ಕೊಟ್ಟು ಮನೆಗೆ ಕಳಿಸಿದರು.

ಸಂಜೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅಪ್ಪ ಮುಖ ತೊಳೆದು, ಗುಂಡಿ ಹಾಕಿ, ತಲೆ ಬಾಚಿ ಕೂತಿದ್ದರು. ತಟ್ಟೆ ಪಕ್ಕದಲ್ಲಿತ್ತು. ಕುರ್ಚಿ, ಪೇಪರು, ಫ್ಯಾನು ಎಲ್ಲ ವಾಪಸು ಬಂದಿದ್ದವು. "ಒಳಗೆ ಹೋಗ್ತಾ ಇದೀನಮ್ಮಾ!" ಎಂದು ಮಾಮ ಸಾರಿದರು.

"ಅಪ್ಪಾ!" ಎಂದು ಮೀಟರಣ್ಣ ಗಂಟಲು ಹರಿಯುವಂತೆ ಕೂಗಿದ. "ಮಾಮ ಬಂದಿದಾರೆ!"

ಅಪ್ಪ ಕಿವಿಗೆ ಅಂಗೈ ಮಡಚಿ ಹಿಡಿದರು. "ಆಂ?"

"ಮಾಮ! ಮಾಮಾ!"

"ಆಂ?"

"ಪಾಪ, ಮೊದಲಿಗಿಂತ ಜಾಸ್ತಿಯಾಗಿದೆ," ಎಂದು ಮಾಮ ಮರುಗುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬಾಗಿಲು ನಿಲ್ಲಲಿಲ್ಲ. ಮೀಟರಣ್ಣ ಕೂರಿಸಿದ ಬಾಗಿಲು ಅದು, ಕೀಲು ವಾರೆಯಾಗಿತ್ತು. ಕಿರ್ರ್ ಅಂತ ಮೆಲ್ಲಗೆ ತೆರೆದುಕೊಳ್ಳತೊಡಗಿತು. ಮೀಟರಣ್ಣ ಓಡಿಬಂದು ಅದನ್ನು ಎಳೆದು ಹಾಕಿ, ನೆಲದ ಮೇಲೆ ಕೂತು, ಬೆನ್ನು ಕೊಟ್ಟು ಒತ್ತಿ ಹಿಡಿದ.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಮತ್ತೆ ಶುರುವಾಯ್ತಾ? ಕದ್ದು ಕೇಳ್ತಿದೀರಾ?"

"ಬೆನ್ನು ನೋವು ಕಣೇ. ಒರಗಿದೀನಿ."

ಒಳಗೆ ಗುನುಗುನು ಶುರುವಾಯಿತು. ಅದರ ನಡುವೆ ಒಂದು ಕೆಮ್ಮು. ತುಸು ಹೊತ್ತಿಗೆ ತಟ್ಟೆಗೆ ಚಮಚ ತಾಗಿದ ಸದ್ದು ಕೇಳಿಸಿತು, ಮತ್ತೊಮ್ಮೆ ತಾಗಿತು. ಅಷ್ಟು ಸಾಕಾಗಿತ್ತು. ಮೀಟರಣ್ಣ ಎರಡೂ ತೋರುಬೆರಳನ್ನು ಎರಡೂ ಕಿವಿಗೆ ಬಿಗಿಯಾಗಿ ತುರುಕಿಕೊಂಡ.

ಹೆಂಡತಿ ಲೋಟ ಹಿಡಿದು ಎದುರು ಬಂದು ನಿಂತಳು. ಅವಳ ತುಟಿ ಅಲ್ಲಾಡಿತು. ಟೀ ಬೇಕಾ ಅಂದಳೋ, ಮಾನ ಇದೆಯಾ ಅಂದಳೋ.

ಮೀಟರಣ್ಣ ಅಪ್ಪನಿಗೆ ತಕ್ಕ ಮಗನ ಹಾಗೆಯೇ ತಲೆಯೆತ್ತಿದ.

"ಆಂ?" ಎಂದ.